ಅಲೆಕ್ಸಾಂಡರ್‌ ಹೋಗಿ ಸಿಕಂದರ್ ಆದದ್ದು ಹೇಗೆ?

ಅಲೆಕ್ಸಾಂಡರ್, ಸಿಕಂದರ್ ಎರಡೂ ಒಂದೇ ಹೆಸರಾದರೆ ಮೊದಲಿನ ‘ಅಲ್’ ಎಲ್ಲಿ ಹೋಯಿತು, ಹೆಸರಿನ ಅರ್ಥವೇನು ಅಂತ ಕೇಳಿದ್ದೀರಿ. ಹೆಸರು ಒಂದೇ. ‘ಅಲ್’ ಕಳೆದದ್ದು ಅರಬ್ಬಿ ವ್ಯಾಕರಣದ ಕೈಯಲ್ಲಿ.

ಗ್ರೀಕ್ ಮೂಲ ಅಲೆಕ್ಸಾಂದ್ರೊಸ್. ಇಂಗ್ಲಿಷಿನ ‘ದಿ’ ಇದ್ದಂತೆ ಅರಬ್ಬಿಯಲ್ಲಿ ‘ಅಲ್’ ಇದೆ. ಹೆಸರಿನ ಮೊದಲಕ್ಷರಗಳನ್ನೂ ಅದೇ ‘ಅಲ್’ ಎಂದುಕೊಂಡು ಬಿಡಿಸಿದರು. ಉಳಿದದ್ದರಲ್ಲಿ ‘ಕ್ಸ’ ಹಿಂದುಮುಂದಾಗಿ ‘ಸ್ಕ’ ಆಯಿತು. ನಮ್ಮಲ್ಲಿ ಕೆಲವರು ಡೆಸ್ಕನ್ನು ‘ಡೆಕ್ಸು’ ಅನ್ನುತ್ತಾರಲ್ಲ, ಅದರ ಉಲ್ಟಾ. ಇನ್ನು ಅರಬ್ಬಿ ಪದ ಒತ್ತಕ್ಷರದಿಂದ ಶುರುವಾಗುವುದಿಲ್ಲ. ಸ್ಕೂಲು ‘ಇಸ್ಕೂಲು’ ಆದ ಹಾಗೆ ಮುಂದೆ ‘ಇ’ ಸೇರಿ ಇಸ್ಕಂದರ್ ಆಯಿತು. ಪಾರಸಿಯವರು ಇನ್ನೊಂದು ದಾರಿ ಹಿಡಿದು ಸ, ಕ ನಡುವೆ ಸ್ವರ ತೂರಿಸಿದರು: ಸಿಕಂದರ್. ಭಾರತಕ್ಕೆ ಬಂದದ್ದು ಈ ರೂಪ. ಬಿಜಾಪುರದ ಕೊನೆಯ ಸುಲ್ತಾನ, 1686ರಲ್ಲಿ ಔರಂಗಜೇಬನಿಗೆ ಶರಣಾದವನು, ಸಿಕಂದರ್ ಆದಿಲ್ ಶಾಹ.

ಅರ್ಥಕ್ಕೆ ಬಂದರೆ, ‘ಅಲೆಕ್ಸೊ’ ಅಂದರೆ ಕಾಪಾಡು, ತಡೆದು ಹಿಮ್ಮೆಟ್ಟಿಸು. ‘ಆಂದ್ರೊಸ್’ ಅಂದರೆ ಗಂಡಸಿನ. ಜನರನ್ನು ಕಾಯುವವನು ಅಂತಲೂ ಆಗುತ್ತದೆ, ಎದುರಾಳಿಗಳನ್ನು ತಡೆಯುವವನು ಅಂತಲೂ ಆಗುತ್ತದೆ. ಮಕ್ಕಳ ಹೆಸರಿನ ಪಟ್ಟಿಗಳು ಮೊದಲನೆಯದನ್ನಷ್ಟೇ ಕೊಡುತ್ತವೆ, ಎರಡನ್ನೂ ಇಟ್ಟುಕೊಳ್ಳುವುದು ಸರಿ. ಸಂಸ್ಕೃತದ ‘ರಕ್ಷ್’, ‘ನರ’ ಈ ಎರಡು ಗ್ರೀಕ್ ಪದಗಳ ದಾಯಾದಿಗಳು. ಹಾಗಾಗಿ ‘ನರರಕ್ಷಕ’ ಅಂದರೆ ಅನುವಾದ ಮಾತ್ರವಲ್ಲ, ಬೇರೂ ಅದೇ.

ಹೆಸರು ಹುಟ್ಟಿದ್ದು ಮ್ಯಾಸಿಡೋನಿಯದ ಜಗದೇಕವೀರನಿಂದಲ್ಲ. ಆ ರಾಜಮನೆತನದಲ್ಲಿ ಅವನು ಮೂರನೇ ಅಲೆಕ್ಸಾಂಡರ್. ಅವನಿಗಿಂತ ಸುಮಾರು 900 ವರ್ಷ ಹಿಂದೆ ಈಗಿನ ಟರ್ಕಿಯಲ್ಲಿ ಆಳುತ್ತಿದ್ದ ಹಿಟ್ಟೈಟ್ ದೊರೆಯೊಂದಿಗೆ ಒಪ್ಪಂದ ಮಾಡಿಕೊಂಡ ವಿಲುಸ ನಾಡಿನ (ಇದೇ ಟ್ರಾಯ್ ಎಂದು ಹಲವು ವಿದ್ವಾಂಸರ ಊಹೆ) ಅರಸನ ಹೆಸರು ಅಲಕ್ಸಾಂದು. ಗ್ರೀಕ್ ಕವಿ ಹೋಮರನಲ್ಲಿ ಟ್ರಾಯ್‌ನ ರಾಜಕುಮಾರ ಪ್ಯಾರಿಸ್‌ಗೂ ಅಲೆಕ್ಸಾಂದ್ರೊಸ್ ಎಂಬುದೇ ಇನ್ನೊಂದು ಹೆಸರು.

ಬೇರೆ ರೂಪಗಳು ಬೇಕಾದಷ್ಟಿವೆ: ಸ್ಪ್ಯಾನಿಷಿನ ಅಲೆಹಾಂಡ್ರೊ, ಇಟಲಿಯ ಅಲೆಸ್ಸಾಂಡ್ರೊ, ಸ್ಕಾಟ್ಲೆಂಡಿನ ಅಲಸ್ಟರ್, ಹಂಗೇರಿಯ ಶಾಂದೋರ್, ಕೇರಳದ ಸಿರಿಯನ್ ಕ್ರೈಸ್ತರ ಚಾಂಡಿ. ಉಮ್ಮನ್ ಚಾಂಡಿಯವರ ಹೆಸರಿನಲ್ಲಿರುವುದು ಇದೇ. ರಷ್ಯದ ಸಾಶಾ ಕೂಡ ಇಲ್ಲಿಂದಲೇ: ಅಲೆಕ್ಸಾಂದರ್, ಅಲೆಕ್ಸಾಶಾ, ಕೊನೆಗೆ ಬಾಲ ಮಾತ್ರ ಉಳಿದು ಸಾಶಾ. ಅದು ಮನೆಯಲ್ಲಿ ಕರೆಯುವ ಹೆಸರು, ಅಲೆಕ್ಸಾಂದ್ರಾ ಎಂಬ ಹುಡುಗಿಗೂ ಸಲ್ಲುತ್ತದೆ.

ಎಡವುವುದು ಎರಡು ಕಡೆ. ರಷ್ಯದ ಅಲೆಕ್ಸೇಯ್ ಬೇರೆ ಹೆಸರು. ಅದೇ ಧಾತುವಿನ ‘ಅಲೆಕ್ಸಿಯೊಸ್’ನಿಂದ ಬಂದದ್ದು, ‘ಆಂದ್ರೊಸ್’ ಅದರಲ್ಲಿಲ್ಲ. ಇನ್ನು ನಮ್ಮ ಸ್ಕಂದನೇ ಸಿಕಂದರ್ ಅಂತ ಓಡಾಡುವ ವಾದ ನಂಬಬೇಡಿ. ಸ್ಕಂದ ಬಂದದ್ದು ‘ಸ್ಕಂದ್’, ಅಂದರೆ ಚಿಮ್ಮು, ಜಿಗಿ ಎಂಬ ಧಾತುವಿನಿಂದ. ಆ ಹೆಸರು ಛಾಂದೋಗ್ಯ ಉಪನಿಷತ್ತಿನ ಏಳನೇ ಅಧ್ಯಾಯದ ಕೊನೆಯಲ್ಲೇ ಇದೆ.

ಕನ್ನಡದಲ್ಲಿ ಅಲೆಗ್ಸಾಂಡರ್ ಅಂತ ಬರೆಯುವುದು ಇಂಗ್ಲಿಷ್ ಉಚ್ಚಾರ ಹಿಡಿದು. ಗ್ರೀಕ್‌ಗೆ ಹತ್ತಿರ ಇರಬೇಕಾದರೆ ‘ಕ್ಸ’ ಬರೆಯಿರಿ.