ಘಾಟಿಯಲ್ಲಿ ಪಿಕಪ್ ಸತ್ತರೆ ಮೊದಲು ಹಿಂದಿನ ಸೀಟು ಎತ್ತಿ ನೋಡಿ

ಪ್ರಶ್ನೆ: ನನ್ನದು 1.8 ಲೀಟರ್ ಟರ್ಬೊ ಪೆಟ್ರೋಲ್ ಸೆಡಾನ್, ಸಿಲಿಂಡರ್ ಒಳಗೇ ಪೆಟ್ರೋಲ್ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ರೀಮ್ಯಾಪ್ (ಪವರ್ ಹೆಚ್ಚಿಸಲು ಎಂಜಿನ್ ಕಂಪ್ಯೂಟರ್‌ನ ಸಾಫ್ಟ್‌ವೇರ್ ಬದಲಾವಣೆ) ಆಗಿದೆ. ಊರೊಳಗೆ ಯಾವ ತಕರಾರೂ ಇಲ್ಲ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಮಾತ್ರ, ತಿರುವು ದಾಟಿ ಆಕ್ಸಿಲರೇಟರ್ ಒತ್ತಿದರೆ ಎರಡು ಸೆಕೆಂಡ್ ಎಳೆದು ಜರ್ಕ್ ಹೊಡೆಯುತ್ತದೆ. ಚೆಕ್ ಲೈಟ್ ಬರುತ್ತದೆ, ಪಿಕಪ್ ಪೂರ್ತಿ ಹೋಗುತ್ತದೆ. ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಮತ್ತೆ ಸರಿ. ಸ್ಕ್ಯಾನರ್‌ನಲ್ಲಿ ಪಿ0087 ಕೋಡ್ ಬಂದಿದೆ. ಗ್ಯಾರೇಜಿನವರು ಹೈ ಪ್ರೆಶರ್ ಪಂಪ್ ಹೋಗಿದೆ, ಬದಲಿಸಿ ಅಂತಾರೆ. ಬದಲಿಸಲಾ?
— ಓದುಗರು, ತೀರ್ಥಹಳ್ಳಿ

ಉತ್ತರ: ಈಗಲೇ ಬೇಡ. ಆ ಕೋಡ್ ಹೇಳುವುದು ಇಷ್ಟೇ: ರೈಲ್‌ನಲ್ಲಿ, ಅಂದರೆ ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪ್‌ನಲ್ಲಿ, ಪ್ರೆಶರ್ ಸಾಲುತ್ತಿಲ್ಲ. ಯಾಕೆ ಸಾಲುತ್ತಿಲ್ಲ ಅಂತ ಅದು ಹೇಳುವುದಿಲ್ಲ.

ಅದಕ್ಕೂ ಮುಂಚೆ ಒಂದು ಮಾತು ಕೇಳಿ. ಕಾರಣ ಗೊತ್ತಾಗುವವರೆಗೆ ಘಾಟಿಯಲ್ಲಿ ಪೆಡಲ್ ಪೂರ್ತಿ ಒತ್ತಬೇಡಿ. ಟರ್ಬೊ ಗಾಳಿ ತುಂಬುತ್ತಿದೆ, ಅದಕ್ಕೆ ತಕ್ಕ ಪೆಟ್ರೋಲ್ ಸಿಗುತ್ತಿಲ್ಲ ಅಂದರೆ ಸಿಲಿಂಡರ್ ಒಳಗೆ ಶಾಖ ವಿಪರೀತ ಏರುತ್ತದೆ, ನಾಕಿಂಗ್ (ಪೆಟ್ರೋಲ್ ತಾನಾಗಿಯೇ ಸಿಡಿದು ಬಡಿಯುವುದು) ಶುರುವಾಗುತ್ತದೆ, ಪಿಸ್ಟನ್ನೇ ಕರಗಬಹುದು. ನಿಮಗೆ ಸಿಟ್ಟು ತರಿಸುವ ಆ ಪಿಕಪ್ ಸಾಯುವುದು ಇದೆಯಲ್ಲ, ಅದೇ ನಿಮ್ಮ ಎಂಜಿನ್ ಉಳಿಸುತ್ತಿರುವುದು. ಕೋಡ್ ಅಳಿಸಿ ಅಳಿಸಿ ಓಡಿಸುವುದು ಬೇಡ.

ನಿಮ್ಮ ಕಾರಿನಲ್ಲಿ ಎರಡು ಪಂಪ್ ಇವೆ. ಟ್ಯಾಂಕ್ ಒಳಗಿನ ಎಲೆಕ್ಟ್ರಿಕ್ ಪಂಪ್ ಸಾಮಾನ್ಯವಾಗಿ 4ರಿಂದ 6 ಬಾರ್ ಪ್ರೆಶರ್‌ನಲ್ಲಿ ಪೆಟ್ರೋಲ್ ಮುಂದಕ್ಕೆ ತಳ್ಳುತ್ತದೆ. ಎಂಜಿನ್ ಮೇಲೆ ಕ್ಯಾಮ್‌ಶಾಫ್ಟ್‌ನಿಂದ ಓಡುವ ಇನ್ನೊಂದು ಪಂಪ್ ಅದನ್ನೇ ಒತ್ತಿ 100 ಬಾರ್ ದಾಟಿಸುತ್ತದೆ. ಹಿಂದಿನಿಂದ ಬರದಿದ್ದರೆ ಮುಂದಿನದು ಏನನ್ನು ಒತ್ತಬೇಕು? ಅಡಿಕೆ ತೋಟದಲ್ಲಿ ಸ್ಪ್ರಿಂಕ್ಲರ್ ನೀರು ಹಾರಿಸದಿದ್ದರೆ ನೀವು ಮೊದಲು ಫುಟ್‌ವಾಲ್ವ್‌ಗೆ ಕಸ ಕಟ್ಟಿದೆಯಾ, ಕರೆಂಟ್ ಡಿಮ್ ಇದೆಯಾ ಅಂತ ನೋಡ್ತೀರಿ ಅಲ್ವಾ, ಮೋಟರ್ ಬದಲಿಸಲ್ಲ. ಇಲ್ಲೂ ಹಾಗೇ.

ಲೈವ್ ಡೇಟಾ ತೋರಿಸುವ ಸ್ಕ್ಯಾನರ್ ಹಾಕಿ. ಒಬ್ಬರು ಓಡಿಸಬೇಕು, ಇನ್ನೊಬ್ಬರು ನೋಡಬೇಕು. ಖಾಲಿ ಇರುವ ನೇರ ಏರಿನಲ್ಲಿ ಮೂರನೇ ಗೇರ್, ಮೂರು ನಾಲ್ಕು ಸೆಕೆಂಡ್ ಸಾಕು. ಕಂಪ್ಯೂಟರ್ ಕೇಳುತ್ತಿರುವ ರೈಲ್ ಪ್ರೆಶರ್ ಎಷ್ಟು, ನಿಜಕ್ಕೂ ಸಿಗುತ್ತಿರುವುದು ಎಷ್ಟು, ಎರಡನ್ನೂ ನೋಡಿ. 110 ಬಾರ್ ಕೇಳಿ 60 ಸಿಕ್ಕಿದರೆ ತಕ್ಷಣ ಕಾಲು ತೆಗೆಯಿರಿ.

ಆಮೇಲೆ ಹಿಂದಿನ ಪಂಪ್‌ನ ಲೈನಿಗೆ ಟಿ ಜಾಯಿಂಟ್‌ನಲ್ಲಿ ಗೇಜ್ ಹಾಕಿಸಿ. ಇದು ಮೆಕ್ಯಾನಿಕ್ ಕೆಲಸ, ಲೈನಿನ ಪ್ರೆಶರ್ ಇಳಿಸಿಯೇ ಬಿಚ್ಚಬೇಕು, ಫೈರ್ ಎಕ್ಸ್‌ಟಿಂಗ್ವಿಷರ್ ಪಕ್ಕದಲ್ಲೇ ಇರಲಿ. ಹೈ ಪ್ರೆಶರ್ ಕಡೆ ಮಾತ್ರ ಈ ಗೇಜ್ ಯಾವತ್ತೂ ಹಾಕಬಾರದು. ತುಂಬಾ ಜನ ಮೋಸ ಹೋಗುವುದು ಇಲ್ಲಿ: ಐಡ್ಲಿಂಗ್‌ನಲ್ಲಿ 4 ಬಾರ್ ಬಂತು, ಪಂಪ್ ಚೆನ್ನಾಗಿದೆ ಅಂದುಬಿಡುತ್ತಾರೆ. ನಿಂತ ಕಾರಿಗೆ ಬೇಕಾಗುವ ಪೆಟ್ರೋಲ್ ಎಷ್ಟು? ಒಂದು ಚೂರು. ಲೋಡ್ ಬಿದ್ದಾಗ ಅದೇ ಮುಳ್ಳು 2ಕ್ಕೆ ಇಳಿಯುತ್ತದಾ, ಅದು ಮುಖ್ಯ. ಇಳಿದರೆ ತಪ್ಪು ಹಿಂದೆಯೇ ಇದೆ: ಫಿಲ್ಟರ್, ಟ್ಯಾಂಕ್ ಪಂಪ್, ಇಲ್ಲಾ ವೈರಿಂಗ್.

ನಮ್ಮ ಕಡೆ ನಾನು ಮೊದಲು ಅನುಮಾನ ಪಡುವುದು ವೈರಿಂಗ್ ಮೇಲೆ. ಹೋದ ಮಳೆಗಾಲದಲ್ಲಿ ಹೊಸನಗರದಿಂದ ನನ್ನ ಹತ್ತಿರ ಇದೇ ಕೋಡ್ ಇದ್ದ ಕಾರು ಬಂದಿತ್ತು, ಅದಾಗಲೇ ಹೊಸ ಹೈ ಪ್ರೆಶರ್ ಪಂಪ್ ಹಾಕಿ ಆಗಿತ್ತು. ಟ್ಯಾಂಕ್ ಪಂಪ್‌ನ ಕನೆಕ್ಷನ್ ಇದ್ದದ್ದು ಹಿಂದಿನ ಸೀಟಿನ ಕೆಳಗೆ, ಆ ಸೀಟು ಎತ್ತಿದೆವು. ಕೆಳಗಿನ ಕಾರ್ಪೆಟ್ ಇನ್ನೂ ಒದ್ದೆ. ಪಂಪ್‌ನ ವೈರ್ ಕಪ್ಲರ್ ಎಳೆದರೆ ಒಂದು ಪಿನ್ ಹಳದಿಯಾಗಿ ಹೊಳೆಯುತ್ತಿದೆ, ಪಕ್ಕದ ಅರ್ಥ್ ಪಿನ್ ಮೇಲೆ ಹಸಿರು ಕಿಲುಬು ಪುಡಿಪುಡಿಯಾಗಿ ಕೂತಿದೆ, ಉಗುರಲ್ಲಿ ಕೆರೆದರೆ ಉದುರುತ್ತದೆ. ಬ್ಯಾಟರಿಯಲ್ಲಿ 13.9 ವೋಲ್ಟ್ ಇದ್ದರೆ ಪಂಪ್‌ಗೆ ತಲುಪುತ್ತಿದ್ದುದು 10.8. ವೋಲ್ಟೇಜ್ ಇಳಿದರೆ ಪಂಪ್ ನಿಧಾನ ತಿರುಗುತ್ತದೆ, ಸುಮ್ನೆ ಓಡಿಸುವಾಗ ಗೊತ್ತೇ ಆಗಲ್ಲ, ಏರಿನಲ್ಲಿ ಕೈಕೊಡುತ್ತದೆ. ಪಿನ್ ಬದಲಿಸಿದೆವು, ಅಷ್ಟೇ. ಆ ಮನೆಯವರು ಹೊಸ ಪಂಪ್‌ಗೆ ಸುರಿದ ದುಡ್ಡು ನೆನೆದರೆ ನನಗೆ ಈಗಲೂ ಬೇಜಾರಾಗುತ್ತದೆ.

ಹಾಗಾಗಿ ಎಂಜಿನ್ ಓಡುತ್ತಿರುವಾಗ ಮಲ್ಟಿಮೀಟರ್‌ನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಪಂಪ್‌ನ ಅರ್ಥ್ ವೈರಿಗೆ ಇಟ್ಟು ನೋಡಿ. ಕಾಲು ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ಥಿಂಗ್ ಸರಿಯಿಲ್ಲ. ಪಂಪ್‌ಗೆ ಬೇರೆ ಕಂಟ್ರೋಲ್ ಮಾಡ್ಯೂಲ್ ಇದ್ದರೆ ಪಂಪ್ ಹತ್ತಿರದ ರೀಡಿಂಗ್ ನಂಬಬೇಡಿ, ಮಾಡ್ಯೂಲಿಗೆ ಬರುವ ಪ್ಲಸ್, ಅರ್ಥ್ ಎರಡನ್ನೂ ಅಳೆಯಿರಿ. ಮಳೆಗಾಲದಲ್ಲಿ ಇಲಿ ಕಡಿದ ವೈರ್ ಕೂಡ ಹುಡುಕಿ.

ಹಿಂದಿನ ಪ್ರೆಶರ್ ಅಲ್ಲಾಡದೆ ನಿಂತು ರೈಲ್ ಮಾತ್ರ ಬೀಳುತ್ತಿದ್ದರೆ ಆಗ ಗ್ಯಾರೇಜಿನವರ ಮಾತು ನಿಜ ಇರಬಹುದು. ಆಗಲೂ ಪಂಪ್ ಬಿಚ್ಚಿದಾಗ ಕೆಳಗೆ ಕ್ಯಾಮ್‌ಶಾಫ್ಟ್‌ಗೂ ಪಂಪ್‌ಗೂ ನಡುವೆ ಕೂರುವ ಫಾಲೋವರ್ ಸವೆದಿದೆಯಾ ನೋಡಿಸಿ. ಡಿಪ್‌ಸ್ಟಿಕ್ ಮೂಸಿ ನೋಡಿ, ಆಯಿಲ್ ಮಟ್ಟ ಏರಿ ಪೆಟ್ರೋಲ್ ವಾಸನೆ ಜೋರಾಗಿದ್ದರೆ ಪಂಪ್‌ನ ಸೀಲ್ ಸೋರುತ್ತಿರಬಹುದು. ರೀಮ್ಯಾಪ್ ತೆಗೆಸಿ ಕಂಪನಿ ಮ್ಯಾಪ್‌ನಲ್ಲಿ ಒಮ್ಮೆ ಓಡಿಸಿ. ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 20% ಎಥೆನಾಲ್ ಇದೆ, ಅಷ್ಟೇ ಗಾಳಿಗೆ ಸ್ವಲ್ಪ ಜಾಸ್ತಿ ಪೆಟ್ರೋಲ್ ಬೇಕು. ಹಳೇ ಪಂಪ್, ಮೇಲೆ ರೀಮ್ಯಾಪ್, ಅದರ ಮೇಲೆ ಇದು ಅಂದರೆ ಪಂಪ್ ಕೆಡದೆಯೂ ಸಾಲದೇ ಹೋಗಬಹುದು.

ಪ್ರಶ್ನೆ: ಹಳೇ ಪೋರ್ಟ್ ಇಂಜೆಕ್ಷನ್ (ಸಿಲಿಂಡರ್ ಹೊರಗೆ, ಗಾಳಿ ಬರುವ ದಾರಿಯಲ್ಲಿ ಪೆಟ್ರೋಲ್ ಸಿಂಪಡಿಸುವ) ಕಾರಿಗೆ ಟರ್ಬೊ ಹಾಕಿಸಿದ್ದೇನೆ. ಫ್ಯೂಯಲ್ ಪ್ರೆಶರ್ ಹಿಡಿತದಲ್ಲಿಡುವ ರೆಗ್ಯುಲೇಟರ್‌ಗೆ ವ್ಯಾಕ್ಯೂಮ್ ಪೈಪ್ ಇದೆ. ಫ್ಯೂಯಲ್ ಪ್ರೆಶರ್ ಐಡ್ಲಿಂಗ್‌ನಲ್ಲೂ 3 ಬಾರ್, ಬೂಸ್ಟ್‌ನಲ್ಲೂ (ಟರ್ಬೊ ಗಾಳಿ ಒತ್ತುವಾಗಲೂ) 3 ಬಾರ್. ಗಟ್ಟಿಯಾಗಿ ನಿಂತಿದೆ, ಒಳ್ಳೇದೇ ಅಲ್ವಾ?
— ಓದುಗರು, ಸಾಗರ

ಉತ್ತರ: ಒಳ್ಳೇದಲ್ಲ, ಬೂಸ್ಟ್ ಮಾಡಿ ಓಡಿಸುವುದನ್ನು ಇವತ್ತೇ ನಿಲ್ಲಿಸಿ. 1 ಬಾರ್ ಬೂಸ್ಟ್ ಬಂದಾಗ ಮ್ಯಾನಿಫೋಲ್ಡ್‌ನ (ಎಂಜಿನ್‌ಗೆ ಗಾಳಿ ಹೋಗುವ ಕೊಳವೆಯ) ಗಾಳಿ ಇಂಜೆಕ್ಟರ್‌ಗೆ ಎದುರು ಒತ್ತುತ್ತದೆ, ಅದಕ್ಕೇ ಫ್ಯೂಯಲ್ ಪ್ರೆಶರ್ ಕೂಡ 1 ಬಾರ್ ಏರಿ 4 ಆಗಬೇಕು. ಐಡ್ಲಿಂಗ್‌ನಲ್ಲಿ ವ್ಯಾಕ್ಯೂಮ್ ಎಳೆಯುವುದರಿಂದ ಎರಡೂವರೆ ಹತ್ತಿರಕ್ಕೆ ಇಳಿಯಬೇಕು. ನಿಮ್ಮದು ಎರಡೂ ಕಡೆ 3ರಲ್ಲೇ ನಿಂತಿದೆ ಅಂದರೆ ಆ ಸಣ್ಣ ಪೈಪ್ ಒಡೆದಿದೆ, ಕಳಚಿದೆ, ಇಲ್ಲಾ ಒಳಗೆ ಕಟ್ಟಿಕೊಂಡಿದೆ. ಹೊಸ ಪೈಪ್ ಹಾಕಿ ಕ್ಲಿಪ್ ಬಿಗಿ ಮಾಡಿ, ಮತ್ತೆ ಗೇಜ್ ನೋಡಿ. ಆಮೇಲೂ ಮುಳ್ಳು ಅಲ್ಲಾಡದಿದ್ದರೆ ರೆಗ್ಯುಲೇಟರ್ ಬದಲಿಸಿ.