ಇಲಿ ಜಾಸ್ತಿ ಈಜಿದರೆ ಖಿನ್ನತೆ ಹೋಯಿತು ಅಂತನಾ?

ಪ್ರಶ್ನೆ: ಅಮ್ಮ ಎರಡು ವರ್ಷದಿಂದ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಬ್ರಾಹ್ಮಿ ಸಾರದಿಂದ ಇಲಿಗಳ ಖಿನ್ನತೆ ಕಡಿಮೆಯಾಯಿತು ಅಂತ ಓದಿದೆ. ಮಾತ್ರೆ ನಿಲ್ಲಿಸಿ ಅದನ್ನೇ ಕೊಡಬಹುದಾ?
– ಓದುಗರು, ಹಾಸನ

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ನಿನಗೆ ಬೇಸರವಾ ಅಂತ ಇಲಿಯನ್ನು ಕೇಳೋಕೆ ಆಗಲ್ಲ ಅಲ್ವಾ? ಅದಕ್ಕೇ 1977ರಲ್ಲಿ ವಿಜ್ಞಾನಿ ಪೋರ್ಸೋಲ್ಟ್ ಮತ್ತು ಸಂಗಡಿಗರು ಈಜಿನ ಪರೀಕ್ಷೆ ತಂದರು. ಸಾರ ಕೊಟ್ಟ ಪುಟ್ಟ ಇಲಿಯನ್ನು ನೀರು ತುಂಬಿದ ಎತ್ತರದ ಗಾಜಿನ ಜಾಡಿಗೆ ಬಿಡುತ್ತಾರೆ. ಮೊದಲು ಗಾಜು ಕೆರೆಯುತ್ತದೆ, ಕಾಲು ಬಡಿಯುತ್ತದೆ, ಆಮೇಲೆ ಮೂಗಷ್ಟೇ ಮೇಲಿಟ್ಟು ಸುಮ್ನೆ ತೇಲುತ್ತದೆ. ಇದನ್ನೇ ಹತಾಶೆ ಅಂತ ಎಣಿಸುತ್ತಾರೆ. 6 ನಿಮಿಷದಲ್ಲಿ ಕೊನೆಯ 4 ನಿಮಿಷ ಎಷ್ಟು ಹೊತ್ತು ಹಾಗೆ ತೇಲಿತು ಅಂತ ಲೆಕ್ಕ ಹಾಕಿ, ಖಿನ್ನತೆಯ ಔಷಧ ಇಮಿಪ್ರಮಿನ್ ಕೊಟ್ಟ ಇಲಿಗಳ ಜೊತೆ ಹೋಲಿಸುತ್ತಾರೆ. ಕಡಿಮೆ ತೇಲಿದರೆ ಸಾರಕ್ಕೆ ಗುಣವಿದೆ ಎನ್ನುತ್ತಾರೆ. ಆದರೆ ಬರೀ ಚುರುಕು ಹೆಚ್ಚಿಸುವ ಕೆಫೀನ್ ಕೊಟ್ಟರೂ ಇಲಿ ಜಾಸ್ತಿ ಈಜುತ್ತದೆ! ಅದಕ್ಕೇ ಇಲಿಯ ಸಾಮಾನ್ಯ ಓಡಾಟವನ್ನೂ ಬೇರೆಯಾಗಿ ಅಳೆಯಬೇಕು. ತೇಲುವುದು ಹತಾಶೆಯಲ್ಲ, ಶಕ್ತಿ ಉಳಿಸುವ ಜಾಣತನ ಎನ್ನುವವರೂ ಇದ್ದಾರೆ, ನನಗೂ ಅದೇ ಸರಿ ಅನ್ನಿಸುತ್ತದೆ.

ಇದು ಔಷಧ ಹುಡುಕುವ ಮೊದಲ ಜರಡಿ ಅಷ್ಟೇ. ಮಾತ್ರೆ ತಟ್ಟನೆ ಬಿಟ್ಟರೆ ತಲೆಸುತ್ತು, ನಿದ್ದೆಗೇಡು ಬರಬಹುದು, ಖಿನ್ನತೆ ಮರುಕಳಿಸಬಹುದು. ಬ್ರಾಹ್ಮಿ ಕೊಡಲೇಬೇಕು ಅನ್ನಿಸಿದರೆ ಆ ಬಾಟಲಿಯನ್ನೇ ಅಮ್ಮನ ಡಾಕ್ಟರಿಗೆ ತೋರಿಸಿ ಕೇಳಿ.