ಬಿಸಿಲೇರಿದಾಗಲೇ ಟ್ರಿಪ್ ಆಗುವ ಸೋಲಾರ್ ಇನ್ವರ್ಟರ್

ಶಿರಸಿ ಕಡೆಯ ಒಂಟಿ ಮನೆ, ಲೈನಿನ ಕೊನೆಯ ಕಂಬ, 5 ಕಿಲೋವ್ಯಾಟ್ ಸಿಂಗಲ್ ಫೇಸ್, 11ರಿಂದ 2ರ ನಡುವೆ ಮಾತ್ರ ಸೋಲಾರ್ ಇನ್ವರ್ಟರ್ ಟ್ರಿಪ್ ಆಗುತ್ತದೆ, ಅಂದರೆ ತಾನಾಗಿಯೇ ನಿಲ್ಲುತ್ತದೆ ಎಂದಿದ್ದೀರಿ. ಇನ್ವರ್ಟರ್ ಕೆಟ್ಟಿರುವ ಸಾಧ್ಯತೆ ಕಡಿಮೆ; ಬಹುತೇಕ ಇದು ವೋಲ್ಟೇಜ್ ಏರಿಕೆ. ನೀವು ಲೈನಿಗೆ ಕರೆಂಟ್ ತಳ್ಳಿದಷ್ಟೂ ನಿಮ್ಮ ತುದಿಯಲ್ಲಿ ವೋಲ್ಟೇಜ್ ಏರುತ್ತದೆ, 253 ವೋಲ್ಟ್ ದಾಟಿದರೆ ಇನ್ವರ್ಟರ್ 2 ಸೆಕೆಂಡಿನೊಳಗೆ ಲೈನಿನಿಂದ ಬಿಟ್ಟುಕೊಳ್ಳಲೇಬೇಕು.

ಮೊದಲು ಒಳ್ಳೆ ಬಿಸಿಲಿನಲ್ಲಿ 2 ಕಿಲೋವ್ಯಾಟ್ ಗೀಸರ್ ಹಾಕಿ ನೋಡಿ; ಆಗ ಲೈನಿಗೆ ಹೋಗುವ ಕರೆಂಟ್ ಕಡಿಮೆಯಾಗುತ್ತದೆ. ಟ್ರಿಪ್ ನಿಂತರೆ ಕಾರಣ ಇದೇ.

ಆಮೇಲೆ ಎಲೆಕ್ಟ್ರಿಷಿಯನ್ ಕೈಲಿ ಇನ್ವರ್ಟರ್ ತುದಿಯಲ್ಲೂ ಮೀಟರ್ ಹತ್ತಿರವೂ ಒಂದೇ ಹೊತ್ತಿಗೆ ವೋಲ್ಟೇಜ್ ಅಳೆಸಿ. ವ್ಯತ್ಯಾಸ 3 ವೋಲ್ಟಿಗಿಂತ ಹೆಚ್ಚಿದ್ದರೆ ತಪ್ಪು ನಿಮ್ಮ ಕೇಬಲಿನದ್ದು. ನೀವು ಹೇಳಿದ 35 ಮೀಟರ್ ದೂರಕ್ಕೆ 4 ಚದರ ಮಿ.ಮೀ. ತಾಮ್ರದ ಕೇಬಲ್ ಸಾಲದು: 5 ಕಿಲೋವ್ಯಾಟಿನ ಸುಮಾರು 22 ಆಂಪಿಯರಿಗೆ ಅದರಲ್ಲೇ ಸುಮಾರು 7 ವೋಲ್ಟ್ ಏರುತ್ತದೆ. 10 ಚದರ ಮಿ.ಮೀ. ಹಾಕಿದರೆ 3ರೊಳಗೆ ಉಳಿಯುತ್ತದೆ. ಸಡಿಲ ಜಾಯಿಂಟ್, ಮಳೆಗಾಲದಲ್ಲಿ ಕಿಲುಬು ಹಿಡಿದ ನ್ಯೂಟ್ರಲ್ ತಂತಿ ಕೂಡ ನೋಡಿಸಿ.

ಮೀಟರಿನಲ್ಲೇ 250 ಇದ್ದರೆ ಸಮಸ್ಯೆ ಲೈನಿನದು. ಮೂರು ದಿನ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಯ ರೀಡಿಂಗ್ ಬರೆದು ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಿ. ಲೈನಿನ ಮೂರು ಫೇಸ್ ತಂತಿಗಳಲ್ಲಿ ಹೆಚ್ಚು ಲೋಡ್ ಇರುವುದಕ್ಕೆ ನಿಮ್ಮ ಮನೆಯನ್ನು ಬದಲಿಸಲು ಮೊದಲು ಕೇಳಿ, ಅದು ಸುಲಭ. ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರಿನಲ್ಲಿ) ವೋಲ್ಟೇಜ್ ಹೊಂದಿಸುವ ಟ್ಯಾಪ್ ಇದ್ದರೆ ಒಂದು ಮೆಟ್ಟಿಲಿಗೆ ಸಾಮಾನ್ಯವಾಗಿ ವೋಲ್ಟೇಜ್ 2.5 ಶೇಕಡಾ ಇಳಿಯುತ್ತದೆ, ಆದರೆ ಸಂಜೆ ಎಲ್ಲರ ಮನೆಯಲ್ಲೂ ವೋಲ್ಟೇಜ್ ಕುಸಿಯಬಹುದು. ಸಣ್ಣ ಟಿಸಿಗಳಲ್ಲಿ ಟ್ಯಾಪ್ ಇರದಿರುವುದೂ ಉಂಟು.

ಯಾರಾದರೂ ಇನ್ವರ್ಟರಿನ ವೋಲ್ಟೇಜ್ ಮಿತಿಯನ್ನು 265ಕ್ಕೆ ಏರಿಸಿಕೊಡುತ್ತೇನೆ ಎಂದರೆ ದಯವಿಟ್ಟು ಒಪ್ಪಬೇಡಿ. ನಿಮ್ಮ ಫ್ರಿಜ್ ಜತೆ ಅದೇ ಲೈನಿನ ಬೇರೆ ಮನೆಯವರದ್ದೂ ಸುಡಬಹುದು. ಲೈನ್ ಸರಿಹೋಗುವವರೆಗೆ ಔಟ್‌ಪುಟ್ಟನ್ನು 3.5 ಕಿಲೋವ್ಯಾಟಿಗೆ ಮಿತಿಗೊಳಿಸಿ. ಪದೇ ಪದೇ ಟ್ರಿಪ್ ಆಗಿ ಕಳೆದುಕೊಳ್ಳುವುದಕ್ಕಿಂತ ಹೆಚ್ಚು ಯೂನಿಟ್ ಸಿಗುತ್ತದೆ.